ಬಸ್ ಟಿಕೆಟ್ಟಿನ ಹಿಂದೆ ಬರೆದ ಏರು

ಮಂಡ್ಯದಲ್ಲಿ ಸೈಕಲ್ ಕಲಿತವನಿಗೆ ಏರು ಎಂದರೇನೆಂಬುದು ತಡವಾಗಿ ಗೊತ್ತಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಪಕ್ಕದ ದಾರಿ, ಕಬ್ಬಿನ ಗದ್ದೆಗಳ ನಡುವಿನ ಡಾಂಬರು ರಸ್ತೆ, ಭಾನುವಾರವಾದರೆ ಶ್ರೀರಂಗಪಟ್ಟಣದವರೆಗೆ ಹೋಗಿಬರುವುದು, ಆರು ವರ್ಷ ನಾನು ರೋಡ್ ಸೈಕಲ್ ತುಳಿದದ್ದು ಹೆಚ್ಚುಕಡಿಮೆ ಇಷ್ಟರೊಳಗೇ. ಮೇಲುಕೋಟೆ ಹತ್ತಿದ ದಿನ ಅದನ್ನು ವಾರವಿಡೀ ಹೇಳಿಕೊಂಡು ತಿರುಗಿದ್ದೆ. ಹೀಗಿರುವಾಗ ನನ್ನ ಜೊತೆ ತುಳಿಯುವ ಹೈಸ್ಕೂಲು ಮೇಷ್ಟ್ರು ಒಂದು ಬೆಳಿಗ್ಗೆ ಚಹಾ ಅಂಗಡಿಯಲ್ಲಿ ಪತ್ರಿಕೆ ಮಡಿಸುತ್ತಾ, "ಅಣ್ಣಾ, ದಿನಾ ಬೆಳಗ್ಗೆ ಎದ್ದು ಕನ್ನಂಬಾಡಿ ಎಷ್ಟು ಅಡಿ ಅಂತ ನೋಡ್ತೀವಿ, ಮೆಟ್ಟೂರು ಎಷ್ಟು ಅಡಿ ಅಂತಾನೂ ನೋಡ್ತೀವಿ. ನಡುವೆ ಆ ನೀರು ಎಲ್ಲಿ ಹೋಗುತ್ತೆ ಅಂತ ಯಾವತ್ತಾದ್ರೂ ನೋಡಿದ್ದೀವಾ?" ಎಂದು ಕೇಳಿದರು. ತುಂಬಿದಾಗ ಕನ್ನಂಬಾಡಿ 124.80, ಮೆಟ್ಟೂರು 120, ಈ ಎರಡು ಅಂಕಿ ನಮ್ಮೂರಿನ ಮಕ್ಕಳಿಗೂ ಬಾಯಿಪಾಠ. ಅವುಗಳ ನಡುವಿನ ಕಣಿವೆಯನ್ನು ನಾವಿಬ್ಬರೂ ಕಂಡಿರಲಿಲ್ಲ. ಆ ಕಣಿವೆಯ ಹೊಗೇನಕಲ್ ಜಲಪಾತದವರೆಗೆ ಸೈಕಲ್ಲಿನಲ್ಲೇ ಹೋಗಿ ನೋಡುವುದೆಂದು ಅಲ್ಲಿಯೇ ತೀರ್ಮಾನವಾಯಿತು. ತೀರ್ಮಾನಕ್ಕೆ ಹಿಡಿದದ್ದು ಅರ್ಧ ಲೋಟ ಚಹಾದಷ್ಟು ಹೊತ್ತು. ತಯಾರಿಗೆ ಹಿಡಿದದ್ದು ಎರಡೂವರೆ ತಿಂಗಳು.

ಮೊದಲ ತಪ್ಪು ದಾರಿಯದೇ. ನದಿಯ ಕಣಿವೆ ನೋಡಬೇಕೆಂದರೆ ನದಿಯ ದಂಡೆ ಹಿಡಿದು ಹೋಗಬೇಕೆಂದು ನಾವು ಅಮಾಯಕರಂತೆ ಎಣಿಸಿದ್ದೆವು. ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕಿದ ಮೇಲೆ ಕಾವೇರಿ ಮೈಸೂರಿನ ಪ್ರಸ್ಥಭೂಮಿಯನ್ನು ಬಿಟ್ಟು ಬಂಡೆಗಳ ನಡುವಿನ ಆಳಕ್ಕೆ ಇಳಿಯುತ್ತಾಳೆ. ಮುತ್ತತ್ತಿ, ಭೀಮೇಶ್ವರಿ, ಅರ್ಕಾವತಿ ಬಂದು ಸೇರುವ ಸಂಗಮ, ಆಮೇಲೆ ಮೇಕೆದಾಟು. ಮೊಬೈಲಿನ ನಕ್ಷೆಯಲ್ಲಿ ಮುತ್ತತ್ತಿಯಿಂದ ಸಂಗಮದ ಕಡೆಗೆ ನದಿಗುಂಟ ತೆಳ್ಳನೆಯ ಗೆರೆಯೊಂದು ಕಂಡದ್ದೇ ತಡ, ಅದರ ಮೇಲೆ ಬೆರಳಾಡಿಸಿ ಕಿಲೋಮೀಟರ್ ಎಣಿಸಿಬಿಟ್ಟೆವು. ಪುಣ್ಯಕ್ಕೆ ಹೊರಡುವ ಮುನ್ನ ಕಾಡಿನ ಕೆಲಸ ಬಲ್ಲವರೊಬ್ಬರನ್ನು ಕೇಳಿದೆವು. ಆ ಗೆರೆಗಳು ಅರಣ್ಯ ಇಲಾಖೆಯ ಜೀಪು ಓಡಾಡುವ ಜಾಡುಗಳು, 1987ರಿಂದ ಅದೆಲ್ಲ ಕಾವೇರಿ ವನ್ಯಜೀವಿ ಧಾಮ, ಅಲ್ಲಿ ಸೈಕಲ್ಲಿಗಿಂತ ಮೊದಲು ಆನೆಗೆ ಹಕ್ಕು ಎಂದು ಅವರು ನಗುನಗುತ್ತಲೇ ತಿಳಿಸಿದರು. ನಕ್ಷೆಯಲ್ಲಿ ಗೆರೆ ಇದ್ದ ಮಾತ್ರಕ್ಕೆ ದಾರಿ ಇದೆಯೆಂದೂ, ದಾರಿ ಇದ್ದ ಮಾತ್ರಕ್ಕೆ ನಮಗೆ ಬಿಡುತ್ತಾರೆಂದೂ ಅಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ಉಳಿದದ್ದು ಒಂದೇ ದಾರಿ. ಮಂಡ್ಯದಿಂದ ಮಳವಳ್ಳಿ, ಸತ್ತೇಗಾಲದ ಸೇತುವೆ, ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟ, ಮಲೆ ಮಹದೇಶ್ವರ ಬೆಟ್ಟ; ಬೆಟ್ಟದ ಆ ಮಗ್ಗುಲಿಗೆ ಇಳಿದರೆ ಪಾಲಾರ್; ಅಲ್ಲಿಂದ ಎಡಕ್ಕೆ ತಿರುಗಿ ಗೋಪಿನಾಥಂ ಮೇಲೆ ಹೊಗೇನಕಲ್ಲಿನ ನಮ್ಮ, ಅಂದರೆ ಕರ್ನಾಟಕದ ಕಡೆಯ, ದಂಡೆ. ಬೆಟ್ಟದವರೆಗೆ ಸುಮಾರು 145 ಕಿಲೋಮೀಟರ್, ಅಲ್ಲಿಂದ ಮುಂದಕ್ಕೆ ಐವತ್ತರೊಳಗೆ. ಸತ್ತೇಗಾಲ ದಾಟಿದ ಮೇಲೆ ನದಿ ಎಡಗಡೆ ಎಲ್ಲೋ ಗುಡ್ಡಗಳ ಹಿಂದೆ ಹರಿಯುತ್ತಿರುತ್ತದೆ, ಮರುದಿನದವರೆಗೆ ಕಣ್ಣಿಗೆ ಬೀಳುವುದಿಲ್ಲ. ಮೊದಲ ದಿನ ಬೆಟ್ಟದಲ್ಲಿ ಉಳಿಯುವುದು, ಎರಡನೆಯ ದಿನ ಕಣಿವೆಗಿಳಿದು ವಾಪಸು ಬೆಟ್ಟಕ್ಕೆ ಬರುವುದು, ಮೂರನೆಯ ದಿನ ಊರಿಗೆ. ಕಾಗದದ ಮೇಲೆ ಇದು ಬಹಳ ಸುಲಭವಾಗಿ ಕಂಡಿತು.

ಸುಲಭವಾಗಿ ಕಂಡದ್ದಕ್ಕೆ ಎತ್ತರದ ಅಂಕಿಗಳನ್ನು ತಪ್ಪಾಗಿ ಓದಿದ್ದೇ ಕಾರಣ. ಮಂಡ್ಯ ಸಮುದ್ರಮಟ್ಟದಿಂದ 680 ಮೀಟರಿನ ಆಸುಪಾಸಿನಲ್ಲಿದೆ, ಮಹದೇಶ್ವರ ಬೆಟ್ಟ ಸುಮಾರು 3,000 ಅಡಿ, ಅಂದರೆ 900 ಮೀಟರಿನ ಮೇಲೆ. ಅಷ್ಟು ದೂರಕ್ಕೆ ಇಷ್ಟೇ ಏರೇ ಎಂದು ನಾನು ಹಿಗ್ಗಿದೆ. ಮೇಷ್ಟ್ರು ಮೆಟ್ಟೂರು ಜಲಾಶಯದ ತುಂಬಿದ ಮಟ್ಟ ಸಮುದ್ರಮಟ್ಟದಿಂದ 790 ಅಡಿ ಎಂಬುದನ್ನು ತೆಗೆದು ಮುಂದಿಟ್ಟರು. ಪಾಲಾರ್ ಇರುವುದು ಆ ಜಲಾಶಯದ ಹಿನ್ನೀರಿನ ಮಗ್ಗುಲಲ್ಲಿ. ಬೆಟ್ಟದಿಂದ ಪಾಲಾರಿಗೆ ಇಪ್ಪತ್ತು ಕಿಲೋಮೀಟರಿನಷ್ಟು ದಾರಿಯಲ್ಲಿ ನಾವು ಹತ್ತಿರ ಹತ್ತಿರ 2,200 ಅಡಿ ಇಳಿಯುತ್ತೇವೆ. ಅದೇ ಮಧ್ಯಾಹ್ನ, ಹೊಗೇನಕಲ್ ಮುಗಿಸಿ ದಣಿದ ಕಾಲಿನಲ್ಲಿ, ಅಷ್ಟನ್ನೂ ಹತ್ತಬೇಕು. ಚಾಮುಂಡಿ ಬೆಟ್ಟವಾದರೆ ಮೊದಲು ಹತ್ತಿಸುತ್ತದೆ, ಸಾಕಾದಲ್ಲಿ ಹಿಂದಿರುಗಿದರೆ ಸೈಕಲ್ಲೇ ಮನೆಗೆ ತಂದು ಬಿಡುತ್ತದೆ. ಕಣಿವೆ ಹಾಗಲ್ಲ. ಅದು ಮೊದಲು ಇಳಿಸಿಕೊಳ್ಳುತ್ತದೆ, ದಣಿವಿನ ಲೆಕ್ಕವನ್ನು ಆಮೇಲೆ ಕೇಳುತ್ತದೆ. ಈ ಒಂದು ಮಾತು ತಲೆಗೆ ಹತ್ತಿದ ಮೇಲೆ ನಮ್ಮ ತಯಾರಿಯ ದಿಕ್ಕೇ ಬದಲಾಯಿತು. ಎಷ್ಟು ದೂರ ಹೋಗಬಲ್ಲೆವು ಎನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಪಾಲಾರಿಗೆ ವಾಪಸು ಬಂದಿರಬೇಕು ಎನ್ನುವುದೇ ಮುಖ್ಯ ಪ್ರಶ್ನೆಯಾಯಿತು.

ಅದನ್ನು ಲೆಕ್ಕ ಹಾಕಲು ಏರು ಎಷ್ಟು ಕಡಿದಾಗಿದೆಯೆಂದು ಗೊತ್ತಿರಬೇಕು. ಎರಡು ಆ್ಯಪ್‌ಗಳಲ್ಲಿ ಅದೇ ದಾರಿಯನ್ನು ಹಾಕಿ ನೋಡಿದರೆ ಒಟ್ಟು ಏರಿನಲ್ಲಿ ಆರುನೂರು ಮೀಟರಿನ ವ್ಯತ್ಯಾಸ ಬಂತು. ಭೂಗೋಳ ಪಾಠ ಮಾಡುವ ಮೇಷ್ಟ್ರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಇಂಥ ಎಷ್ಟೋ ನಕ್ಷೆಗಳ ಎತ್ತರದ ಮಾಹಿತಿ 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಹಾಯಿಸಿ ಅಳೆದದ್ದು. ಅದರಲ್ಲಿ ನೆಲವನ್ನು ಮೂವತ್ತು ಅಥವಾ ತೊಂಬತ್ತು ಮೀಟರಿನ ಚೌಕಗಳಾಗಿ ಕತ್ತರಿಸಿ ಚೌಕಕ್ಕೊಂದು ಎತ್ತರ ಕೊಟ್ಟಿರುತ್ತಾರೆ. ಬಯಲಿನಲ್ಲಿ ಅದು ಸಾಕು. ಬೆಟ್ಟದ ಮೈ ಕಡಿದು ಮಾಡಿದ ಘಾಟಿ ರಸ್ತೆಯಲ್ಲಿ ಮೂವತ್ತು ಮೀಟರ್ ಆಚೆಗೆ ಸರಿದರೆ ಒಂದು ಕಡೆ ಬಂಡೆಯ ನೆತ್ತಿ, ಇನ್ನೊಂದು ಕಡೆ ಪ್ರಪಾತ. ಆ್ಯಪ್ ಪಾಪ, ಎರಡನ್ನೂ ರಸ್ತೆಗೇ ಕಟ್ಟುತ್ತದೆ.

ಆಗ ಹೊಳೆದದ್ದು ಬಸ್ಸು. ಒಂದು ಗುರುವಾರ ರಜೆ ಹಾಕಿ, ಕೊಳ್ಳೇಗಾಲದಿಂದ ಬೆಟ್ಟದ ಬಸ್ಸು ಹತ್ತಿ ಚಾಲಕರ ಹಿಂದಿನ ಸೀಟು ಹಿಡಿದೆ. ಹನೂರಿನವರೆಗೆ ಬರೆಯುವಂಥದ್ದೇನೂ ಇರಲಿಲ್ಲ. ತಾಳಬೆಟ್ಟ ದಾಟಿ ತಿರುವುಗಳು ಶುರುವಾದದ್ದೇ, ಚಾಲಕರ ಎಡಗೈ ಗೇರಿನ ಮೇಲೆ ಬಿದ್ದಾಗಲೆಲ್ಲ ಯಾವ ಗೇರೆಂದು ಟಿಕೆಟ್ಟಿನ ಹಿಂದೆ ಬರೆದುಕೊಳ್ಳತೊಡಗಿದೆ: ಮೂರು, ಎರಡು, ಎರಡು, ಒಂದು, ಎರಡು. ಒಂದು ಟಿಕೆಟ್ ತುಂಬಿತು, ಜೇಬಿನಲ್ಲಿದ್ದ ಹಳೆಯ ಟಿಕೆಟ್ಟೂ ತುಂಬಿತು. ಕಂಡಕ್ಟರ್ ಎರಡು ಸಲ ಸುಮ್ಮನೆ ನೋಡಿ ಮೂರನೆಯ ಸಲಕ್ಕೆ ತಡೆಯಲಾರದೆ, "ಏನ್ ಸಾ, ಚೆಕಿಂಗಾ?" ಎಂದರು. ವಿಷಯ ಹೇಳಿದ ಮೇಲೆ ನಗಲಿಲ್ಲ. ಪಕ್ಕದಲ್ಲಿ ಕೂತು, ಈ ಮಗ್ಗುಲಿನ ಏರು ಒಂದು ಮಾತೇ ಅಲ್ಲ, ಪಾಲಾರ್ ಕಡೆಯಿಂದ ಹತ್ತುವಾಗ ಗಾಡಿ ತುಂಬಿದ್ದರೆ ಎಲ್ಲೆಲ್ಲಿ ಒಂದನೇ ಗೇರು ಬೀಳುತ್ತದೆಂದು ತಿರುವು ತಿರುವನ್ನೂ ಗುರುತು ಸಮೇತ ಹೇಳಿದರು. "ನಾಲ್ಕು ಗಂಟೆ ಮ್ಯಾಲೆ ಆ ರೋಡ್ನಾಗೆ ಇರಬ್ಯಾಡಿ ಸಾ. ಆನೆ ಬತ್ತವೆ. ನಮ್ ಬಸ್ಸೇ ನಿಲ್ಸ್ಕೊಂಡ್ ಕೂತೀವಿ" ಎಂದದ್ದನ್ನು ನಾನು ಟಿಕೆಟ್ಟಿನ ಅಂಚಿನಲ್ಲಿ ಬರೆದು ಸುತ್ತ ಚೌಕ ಹಾಕಿದೆ. ಅದೇ ದಿನ ಮುಂದಿನ ಬಸ್ಸಿನಲ್ಲಿ ಪಾಲಾರಿಗೆ ಇಳಿದು ಹತ್ತಿಬಂದು ನೋಡಿದರೆ ಅವರು ಹೇಳಿದ ಒಂದು ಗುರುತೂ ತಪ್ಪಿರಲಿಲ್ಲ.

ಬಸ್ಸಿನ ಒಂದನೇ ಗೇರಿನ ಜಾಗದಲ್ಲಿ ನನ್ನ ಸೈಕಲ್ಲಿಗೆ ಯಾವ ಗೇರು ಬೇಕು ಎಂಬುದು ಮುಂದಿನ ಲೆಕ್ಕ. ನನ್ನದರಲ್ಲಿ ಮುಂದೆ ಚಿಕ್ಕ ಚಕ್ರಕ್ಕೆ 34 ಹಲ್ಲು, ಹಿಂದಿನ ಹಲ್ಲುಚಕ್ರಗಳ ಗೊಂಚಲಾದ ಕ್ಯಾಸೆಟ್ಟಿನ ದೊಡ್ಡದಕ್ಕೆ 28. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಎರಡೂವರೆ ಮೀಟರ್ ಮುಂದಕ್ಕೆ ಹೋಗುತ್ತದೆ. ನಾಲೆಯ ದಾರಿಗೆ ಇದು ಧಾರಾಳ; ಘಾಟಿಯಲ್ಲಿ ಮೊಣಕಾಲು ಬೇಡುವುದು ಇದಕ್ಕಿಂತ ಸಣ್ಣ ತುತ್ತು. ಹಿಂದೆಯೂ 34 ಹಲ್ಲಿನದು ಹಾಕಿದರೆ ಪೆಡಲ್ಲಿನ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ಸುಮಾರು 2.1 ಮೀಟರ್. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೂ ಗಂಟೆಗೆ ಏಳೂವರೆ ಕಿಲೋಮೀಟರ್ ವೇಗ ಉಳಿಯುತ್ತದೆ, ಸೈಕಲ್ ತೂರಾಡುವುದಿಲ್ಲ. ಮೈಸೂರಿನ ಸೈಕಲ್ ಅಂಗಡಿಯವರು ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಹಳೆಯ ಡಿರೈಲರ್ ಅಷ್ಟು ದೊಡ್ಡ ಚಕ್ರಕ್ಕೆ ಒಗ್ಗುವುದಿಲ್ಲವೆಂದು ಉದ್ದ ಕೇಜಿನದನ್ನು ಹಾಕಿ, ಚೈನನ್ನೂ ಬದಲಿಸಿದರು. ಟೈರು 25ರ ಬದಲು 28 ಮಿಲಿಮೀಟರಿನದು. ನನ್ನದು ರಿಮ್ಮಿಗೆ ಹಿಡಿಯುವ ಬ್ರೇಕು. ಉದ್ದ ಇಳಿಜಾರಿನಲ್ಲಿ ಒಂದೇ ಸಮನೆ ಹಿಡಿದರೆ ರಿಮ್ಮು ಕಾದು ಟ್ಯೂಬು ಸಿಡಿಯಬಹುದು ಎಂದು ಅವರೇ ಎಚ್ಚರಿಸಿ, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ತಿರುವಿನಲ್ಲಿ ಬಿಡುವುದನ್ನು ಅಭ್ಯಾಸ ಮಾಡಿಕೊಳ್ಳಲು ಹೇಳಿದರು. ಮೂರು ಭಾನುವಾರ ಚಾಮುಂಡಿ ಬೆಟ್ಟ ಹತ್ತಿಳಿದದ್ದು ಹತ್ತುವುದಕ್ಕಿಂತ ಹೆಚ್ಚಾಗಿ ಈ ಇಳಿಯುವ ಅಭ್ಯಾಸಕ್ಕೆ.

ನೀರಿನ ವಿಚಾರದಲ್ಲಿ ನಾನು ನಂಬಿದ್ದು ನಮ್ಮ ದೊಡ್ಡವ್ವನನ್ನು. ಶಿವರಾತ್ರಿಗೆ ಹಲವು ವರ್ಷ ಪಾದಯಾತ್ರೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದವರು ಅವರು. ಯಾವ ಊರು ದಾಟಿದರೆ ಎಲ್ಲಿ ನೀರು, ಎಲ್ಲಿ ಮಜ್ಜಿಗೆ, ಎಲ್ಲಿ ನೆರಳು ಎಂಬುದನ್ನು ತಾಳಬೆಟ್ಟದಿಂದ ಆನೆತಲೆದಿಂಬದವರೆಗೆ ಕಣ್ಣು ಮುಚ್ಚಿಕೊಂಡೇ ಹೇಳಿದರು. ನಾನು ಹದಿನಾಲ್ಕು ಜಾಗ ಗುರುತು ಹಾಕಿಕೊಂಡೆ. ಬಸ್ಸಿನಲ್ಲಿ ಹೋದಾಗ ಅದರಲ್ಲಿ ಕಂಡದ್ದು ನಾಲ್ಕೇ. ಬಂದು ಕೇಳಿದರೆ, "ಅಯ್ಯೋ ಮಗಾ, ಅವೆಲ್ಲ ಶಿವರಾತ್ರಿ ಅರವಟ್ಟಿಗೆ ಕಣಪ್ಪ. ಜನ ಬರೋ ಹೊತ್ಗೆ ಕಟ್ತಾರೆ, ಜನ ಹೋದ್ ಮೇಲೆ ಬಿಚ್ತಾರೆ" ಎಂದರು. ತಪ್ಪು ಅವರದಲ್ಲ, ನಾನು ಯಾವ ತಿಂಗಳೆಂದು ಹೇಳಿರಲೇ ಇಲ್ಲ. ಬಿಸಿಲಿನಲ್ಲಿ ನನಗೆ ಗಂಟೆಗೆ ಮುಕ್ಕಾಲು ಲೀಟರ್ ನೀರಾದರೂ ಬೇಕು. ಸೈಕಲ್ಲಿಗೆ ಸಿಕ್ಕಿಸುವ ಎರಡು ಬಾಟಲಿಯಲ್ಲಿ ಹಿಡಿಯುವುದು ಒಂದೂವರೆ ಲೀಟರ್. ಆದ್ದರಿಂದ ಪಾಲಾರಿನಿಂದ ಹತ್ತುವಾಗ ಬೆನ್ನಿನ ಚೀಲದಲ್ಲಿ ಇನ್ನೊಂದು ಲೀಟರ್, ಅದಕ್ಕೆ ಬೆರೆಸಲು ಓಆರ್‌ಎಸ್ ಪೊಟ್ಟಣ ಎಂದು ಗೊತ್ತುಮಾಡಿದೆವು.

ಊಟದ ಪಾಠ ಕಲಿತದ್ದು ಪೂರ್ವಾಭ್ಯಾಸದ ದಿನ. ಹನೂರಿನವರೆಗೆ ಹೋಗಿ ಬರುವುದೆಂದು ಹೊರಟು, ರಾಗಿಮುದ್ದೆ ತಿಂದವನಿಗೆ ಹಸಿವೆಲ್ಲಿಯದು ಎಂಬ ಮಂಡ್ಯದ ಜಂಬದಲ್ಲಿ ದಾರಿಯಲ್ಲಿ ಏನೂ ತಿನ್ನಲಿಲ್ಲ. ಕಾಮಗೆರೆ ದಾಟುತ್ತಿದ್ದಂತೆ ಕೈ ನಡುಗಿತು, ಕಣ್ಣು ಮಂಜಾಯಿತು, ರಸ್ತೆ ಪಕ್ಕದ ಹುಣಸೆ ಮರದ ಬುಡದಲ್ಲಿ ಕೂತವನು ಮುಕ್ಕಾಲು ಗಂಟೆ ಏಳಲಿಲ್ಲ. ಅಂದಿನಿಂದ ಹಸಿವಾಗಲಿ ಬಿಡಲಿ, ನಲವತ್ತು ನಿಮಿಷಕ್ಕೊಮ್ಮೆ ಏಲಕ್ಕಿ ಬಾಳೆಹಣ್ಣೋ ಕಡಲೆಮಿಠಾಯಿಯೋ ಬೆಲ್ಲದ ಉಂಡೆಯೋ ಬಾಯಿಗೆ ಹೋಗಲೇಬೇಕು. ಮುದ್ದೆ ರಾತ್ರಿಗೆ.

ದಿನ ಗೊತ್ತುಮಾಡಲು ಹವಾಮಾನಕ್ಕಿಂತ ಪಂಚಾಂಗ ನೋಡಬೇಕಾಯಿತು. ಜನವರಿ ಎಂದು ಮೊದಲೇ ನಿಶ್ಚಯವಾಗಿತ್ತು; ಹಿಂಗಾರು ಮಳೆ ಮುಗಿದಿರುತ್ತದೆ, ಬೇಸಿಗೆ ಇನ್ನೂ ಹತ್ತಿರುವುದಿಲ್ಲ. ಆದರೆ ನಾವು ಆರಿಸಿದ ಭಾನುವಾರವೇ ಅಮಾವಾಸ್ಯೆ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಸೇರುವ ಜನ, ಬಸ್ಸು, ಕಾರುಗಳನ್ನು ಬಲ್ಲವರು ಅಂದು ಘಾಟಿಯಲ್ಲಿ ಸೈಕಲ್ ಹಿಡಿಯುವುದಿಲ್ಲ. ಒಂದು ವಾರ ಮುಂದಕ್ಕೆ ಹಾಕಿದೆವು. ಆ ವೇಳೆಗೆ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ, ಮುಳುಗುವುದು 6.20ಕ್ಕೆ, ಕಣಿವೆಯಲ್ಲಿ ಬೆಟ್ಟದ ನೆರಳು ಅದಕ್ಕೂ ಎಷ್ಟೋ ಮುಂಚೆ ಬೀಳುತ್ತದೆ. ಪಾಲಾರಿನಿಂದ ಬೆಟ್ಟಕ್ಕೆ ಸುಧಾರಿಸಿಕೊಳ್ಳುವ ಹೊತ್ತೂ ಸೇರಿ ಎರಡೂವರೆ ಗಂಟೆ. ಕಂಡಕ್ಟರ್ ಹೇಳಿದ ನಾಲ್ಕು ಗಂಟೆಯಿಂದ ಹಿಂದಕ್ಕೆ ಎಣಿಸಿದರೆ ಒಂದೂವರೆ. ಮಧ್ಯಾಹ್ನ 1.30ರ ಮೇಲೆ ಪಾಲಾರಿಗೆ ಬಂದರೆ ತುಳಿದು ಹತ್ತುವಂತಿಲ್ಲ, ಬಸ್ಸೋ ಲಾರಿಯೋ ಸಿಕ್ಕಿದ್ದನ್ನು ಹಿಡಿಯಬೇಕು ಎಂದು ಬರೆದು ಇಬ್ಬರೂ ರುಜು ಹಾಕಿದೆವು. ರುಜು ಹಾಕಿಸಿದವರು ಮೇಷ್ಟ್ರು. ನನ್ನ ಹಟ ಅವರಿಗೆ ಗೊತ್ತು.

ಮನೆಯಲ್ಲಿ ಒಪ್ಪಿಸುವುದು ಬೇರೆಯದೇ ಕೆಲಸ. ನಮ್ಮ ತಾಯಿಯ ಲೆಕ್ಕದಲ್ಲಿ ಅದು ಇಂದಿಗೂ ವೀರಪ್ಪನ್ ಕಾಡು. ಅವನು 2004ರಲ್ಲೇ ಸತ್ತನಲ್ಲ ಎಂದರೆ, ರಾಜ್‌ಕುಮಾರ್ ಅವರನ್ನು 108 ದಿನ ಇಟ್ಟುಕೊಂಡಿದ್ದವನ ಕಾಡಿಗೆ ಸೈಕಲ್ಲಿನಲ್ಲಿ ಹೋಗುವುದೇನಿದೆ ಎಂಬ ಮರುಪ್ರಶ್ನೆ. ನನ್ನ ಹೆಂಡತಿ ಕೇಳಿದ್ದು ಮಾತ್ರ ಇಡೀ ತಯಾರಿಯಲ್ಲಿ ನಮಗೆ ಹೊಳೆಯದೆ ಹೋದ ಪ್ರಶ್ನೆ. "ಅಲ್ಲಿ ಫೋನ್ ಸಿಗಲ್ಲ ಅಂತೀರಿ. ಸರಿ. ನಾನು ಎಷ್ಟು ಗಂಟೆಯಿಂದ ಗಾಬರಿಯಾಗ್ಬೇಕು ಅಂತ ಒಂದು ಟೈಮ್ ಬರ್ದುಕೊಡಿ. ಅಲ್ಲಿವರೆಗೂ ನೆಮ್ಮದಿಯಾಗಿರ್ತೀನಿ." ಎಲ್ಲೆಲ್ಲಿ ಎಷ್ಟು ಹೊತ್ತಿಗೆ ಇರುತ್ತೇವೆ, ಯಾರಿಗೆ ಫೋನ್ ಮಾಡಬೇಕು ಎಂಬುದನ್ನೆಲ್ಲ ಹಾಳೆಯಲ್ಲಿ ಬರೆದು ಕೆಳಗೆ "ಸಂಜೆ 5.00" ಎಂದು ದಪ್ಪಕ್ಷರದಲ್ಲಿ ಬರೆದೆ. ಅವಳು ಅದನ್ನು ಅಡುಗೆಮನೆಯ ಕ್ಯಾಲೆಂಡರಿಗೆ ಪಿನ್ ಹಾಕಿದಳು.

ಮೊದಲ ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೆಳಗಿನ ನಾಲ್ಕೂವರೆಗೆ ಹೊರಟು, ಮಳವಳ್ಳಿಯವರೆಗೆ ಕಬ್ಬಿನ ಟ್ರ್ಯಾಕ್ಟರುಗಳಿಂದ ಉದುರಿದ ಜಲ್ಲೆಗಳನ್ನು ತಪ್ಪಿಸಿಕೊಂಡು, ಮಧ್ಯಾಹ್ನ ಮೂರಕ್ಕೆ ಬೆಟ್ಟ ಸೇರಿದೆವು. ಟಿಕೆಟ್ಟಿನಲ್ಲಿ "ಒಂದು" ಎಂದಿದ್ದ ಜಾಗಗಳಲ್ಲಿ ನಾನೂ ಕೊನೆಯ ಗೇರಿಗೇ ಬಂದೆ.

ಎರಡನೆಯ ದಿನ ಬೆಳಕು ಹರಿದ ಮೇಲೆ ಇಳಿಯಲು ಶುರುಮಾಡಿದೆವು. ತಿರುವಿಗೊಮ್ಮೆ ಗಾಳಿ ಬೆಚ್ಚಗಾಗುತ್ತಾ ಹೋದದ್ದು ನೆನಪಿದೆ. ಮೇಲೆ ಹಾಕಿಕೊಂಡಿದ್ದ ಜಾಕೆಟ್ಟನ್ನು ಪಾಲಾರಿನಲ್ಲಿ ಬಿಚ್ಚಿ ಮಡಿಸಿದೆವು. ಗೋಪಿನಾಥಂನಲ್ಲಿ, 1991ರಲ್ಲಿ ವೀರಪ್ಪನ್ ಕೈಯಲ್ಲಿ ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಸ್ಮಾರಕದ ಮುಂದೆ ಸ್ವಲ್ಪ ಹೊತ್ತು ನಿಂತೆವು. ಮುಂದೆ ಕುರುಚಲು ಕಾಡು, ಬಂಡೆ, ಜನವಿಲ್ಲದ ರಸ್ತೆ. ಹೊಗೇನಕಲ್ಲಿನಲ್ಲಿ ನದಿ ಕಂಡಾಗ ಮೇಷ್ಟ್ರು ಮಾತಾಡಲಿಲ್ಲ. ಕಪ್ಪು ಬಂಡೆಗಳನ್ನು ಸೀಳಿಕೊಂಡು ನೀರು ಬೀಳುತ್ತಿತ್ತು, ಹೆಸರಿಗೆ ತಕ್ಕಂತೆ ಹೊಗೆ ಏಳುತ್ತಿತ್ತು, ಕೆಳಗೆ ತೆಪ್ಪಗಳು ಸುತ್ತುತ್ತಿದ್ದವು. ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವ ಬಿಳಿಗುಂಡ್ಲು ಅಲ್ಲಿಂದ ಮೇಲಕ್ಕಿದೆ, ನಮ್ಮ ದಾರಿ ಅದನ್ನು ಮುಟ್ಟುವುದಿಲ್ಲ. ಅಂತೂ ಪತ್ರಿಕೆಯಲ್ಲಿ ಕ್ಯೂಸೆಕ್ಸ್ ಎಂದು ಓದುತ್ತಿದ್ದದ್ದು ಹೀಗಿರುತ್ತದೆ ಎಂದು ಅರ್ಧ ಗಂಟೆ ನೋಡುತ್ತಾ ಕೂತೆವು.

ವಾಪಸು ಬರುವಾಗ ಜಾಲಿ ಮುಳ್ಳಿಗೆ ಎರಡು ಪಂಕ್ಚರ್, ಎರಡೂ ನನ್ನ ಹಿಂದಿನ ಚಕ್ರಕ್ಕೇ. ಮೊದಲನೆಯದಕ್ಕೆ ಟ್ಯೂಬು ಬದಲಿಸಿದ ಅವಸರದಲ್ಲಿ ಟೈರಿನ ಒಳಗೆ ಬೆರಳಾಡಿಸಿ ನೋಡಲಿಲ್ಲ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದು ಹೊಸ ಟ್ಯೂಬನ್ನೂ ಚುಚ್ಚಿತು. ಇಷ್ಟೆಲ್ಲ ಲೆಕ್ಕ ಹಾಕಿದವನಿಗೆ ಒಂದು ಅಕ್ಕಿಕಾಳಿನಷ್ಟು ಮುಳ್ಳು ಐವತ್ತು ನಿಮಿಷ ತಿಂದಿತು. ಪಾಲಾರ್ ತಲುಪಿದಾಗ ಗಡಿಯಾರದಲ್ಲಿ 2.10. ಕಾಲಿನಲ್ಲಿ ಇನ್ನೂ ಶಕ್ತಿಯಿತ್ತು, ಬಾಟಲಿಯಲ್ಲಿ ನೀರಿತ್ತು, ಬಿಸಿಲು ಢಾಳಾಗಿತ್ತು, ಹೋಗಿಬಿಡೋಣ ಎಂದೆ. ಮೇಷ್ಟ್ರು ಮಾತಿಗೆ ಮಾತು ಬೆಳೆಸದೆ ಜೇಬಿನಿಂದ ರುಜು ಹಾಕಿದ ಹಾಳೆ ತೆಗೆದು ಹ್ಯಾಂಡಲ್ ಬಾರಿನ ಮೇಲಿಟ್ಟರು. ಖಾಲಿ ಟೊಮೆಟೊ ಕ್ರೇಟು ಹೇರಿಕೊಂಡು ಹನೂರಿಗೆ ಹೊರಟಿದ್ದ ಪಿಕಪ್ ಗಾಡಿಯವನು ಬೆಟ್ಟದವರೆಗೆ ಬಿಡಲು ಒಪ್ಪಿದ. ಸೈಕಲ್ಲುಗಳನ್ನು ಕ್ರೇಟುಗಳ ಮೇಲೆ ಮಲಗಿಸಿ ನಾವು ಮುಂದೆ ಕೂತೆವು. ಎರಡನೇ ತಿರುವಿನಲ್ಲಿ ಅವನು ಒಂದನೇ ಗೇರಿಗೆ ಎಳೆದಾಗ ನನ್ನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು. ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕರು.

ಬೆಟ್ಟದ ಮೇಲೆ ಫೋನಿಗೆ ಸಿಗ್ನಲ್ ಬಂದಾಗ ಗಡಿಯಾರದಲ್ಲಿ ಮೂರು ದಾಟಿತ್ತು. ಮನೆಗೆ ಫೋನ್ ಮಾಡಿ, ಬಂದು ತಲುಪಿದೆವು, ಗಾಬರಿಯಾಗಬೇಡ ಎಂದೆ.

"ಐದು ಗಂಟೆ ಅಂತ ತಾನೇ ಬರ್ದಿರೋದು?" ಎಂದಳು. "ಇನ್ನೂ ಶುರು ಮಾಡಿರಲಿಲ್ಲ."